ಹೊಸ ಹುಡುಗನಿಗೆ ಕೆಲಸ ಕಲಿಸುವುದು ಹೇಗೆ: ಗೋಕುಲ ರೋಡಿನ ಒಂದು ಸಣ್ಣ ವರ್ಕ್‌ಶಾಪಿನಿಂದ

ನಮ್ಮದು ಹುಬ್ಬಳ್ಳಿ ಗೋಕುಲ ರೋಡಿನ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಒಂದು ಸಣ್ಣ ವರ್ಕ್‌ಶಾಪ್. ನಾಲ್ಕು ಲೇಥ್ (ಲೋಹ ತಿರುಗಿಸಿ ಕಡೆಯುವ ಮಷಿನ್), ಎರಡು ಸಿಎನ್‌ಸಿ (ಕಂಪ್ಯೂಟರಿನಿಂದ ನಡೆಯುವ ಮಷಿನ್), ಒಂದು ಡ್ರಿಲ್ಲಿಂಗ್ ಮಷಿನ್, ಎಲ್ಲಾ ಸೇರಿ ಹದಿನಾಲ್ಕು ಜನ. ವಾಲ್ವ್ ಮಾಡುವ ದೊಡ್ಡ ಕಾರ್ಖಾನೆಗಳಿಗೆ ಸ್ಟೆಮ್ (ವಾಲ್ವ್ ತೆರೆದು ಮುಚ್ಚುವ ಸರಳು), ಸೀಟ್ ರಿಂಗ್, ಬುಷ್‌ನಂಥ ಬಿಡಿಭಾಗ ಮಾಡಿ ಕೊಡುತ್ತೇವೆ. ಕೆಲಸಕ್ಕೆ ಬರುವವರು ಹೆಚ್ಚಾಗಿ ಕುಂದಗೋಳ, ಅಣ್ಣಿಗೇರಿ, ಕಲಘಟಗಿ, ನವಲಗುಂದ ಕಡೆಯ ಹುಡುಗರು. ಕೆಲವರು ಐಟಿಐ ಮುಗಿಸಿದವರು, ಕೆಲವರು ಪಿಯುಸಿ ಅರ್ಧಕ್ಕೆ ಬಿಟ್ಟವರು.

ಅಕ್ಕಪಕ್ಕದ ಶೆಡ್ಡಿನ ಮಾಲೀಕರು ಚಹಾಕ್ಕೆ ಸಿಕ್ಕಾಗ ಮೂರು ಮಾತು ತಪ್ಪದೆ ಹೇಳುತ್ತಾರೆ. ಈಗಿನ ಹುಡುಗರು ಕಲಿಯುವುದಿಲ್ಲ, ನಿಲ್ಲುವುದಿಲ್ಲ, ಸುಳ್ಳು ಹೇಳುತ್ತಾರೆ. ನಾನೂ ಬಹಳ ವರ್ಷ ಇದನ್ನೇ ಹೇಳುತ್ತಿದ್ದೆ. ಈಗ ನನಗೆ ಅನಿಸುವುದು, ಈ ಮೂರೂ ಒಂದೇ ಕಾಯಿಲೆ. "ತಪ್ಪಾಯ್ತು" ಅಂತ ಬಾಯಿಬಿಟ್ಟು ಹೇಳಿದವನಿಗೆ ಬೈಗುಳ ಸಿಗುವ ಜಾಗದಲ್ಲಿ ಈ ಮೂರೂ ಆಗೇ ಆಗುತ್ತವೆ. ಇದನ್ನು ನಾನು ಪೆಟ್ಟು ತಿಂದು ಕಲಿತೆ. ಆ ಕಥೆ ಮುಂದೆ ಹೇಳುತ್ತೇನೆ. ಮೊದಲು ಮೊದಲನೇ ದಿನದಿಂದ ಶುರು ಮಾಡೋಣ.

ಮೊದಲನೇ ವಾರ ಮಷಿನ್ ಆನ್ ಮಾಡಿಸಬೇಡಿ

ಹುಡುಗ ಬಂದ ದಿನವೇ "ಹೋಗು, ಅವನ ಹತ್ರ ನಿಂತು ನೋಡು" ಅಂತ ಕಳಿಸುವುದು ನಮ್ಮ ಕಡೆಯ ಪದ್ಧತಿ. ಇದರಿಂದ ಅವನು ಕಲಿಯುವುದು ಹಳಬನ ಕೈಚಳಕ ಮತ್ತು ಹಳಬನ ಕೆಟ್ಟ ಚಟ, ಎರಡನ್ನೂ ಒಟ್ಟಿಗೆ. ಹಳಬ ಕೈಗವಸು ಹಾಕಿಕೊಂಡೇ ಲೇಥ್ ನಡೆಸುತ್ತಿದ್ದರೆ ಇವನೂ ಹಾಕಿಕೊಳ್ಳುತ್ತಾನೆ. ತಿರುಗುವ ಜಾಬ್ (ಮಷಿನ್ನಿಗೆ ಹಾಕಿದ ಲೋಹದ ತುಂಡು) ಮುಂದೆ ಕೈಗವಸು ಹಾಕಬಾರದು, ಒಂದು ಎಳೆ ಸಿಕ್ಕರೂ ಕೈಯನ್ನೇ ಎಳೆದುಕೊಳ್ಳುತ್ತದೆ. ಹಳಬನಿಗೂ ಇದು ಗೊತ್ತು. ಆದರೆ ಬುರಾ (ಕಡೆದಾಗ ಬೀಳುವ ಲೋಹದ ಚೂರು) ಚುಚ್ಚುತ್ತದೆ ಅಂತ ಹಾಕಿಕೊಳ್ಳುತ್ತಾನೆ, ನೋಡಿದ ಹೊಸಬ ಅದೇ ಸರಿ ಅಂದುಕೊಳ್ಳುತ್ತಾನೆ.

ಅದಕ್ಕೇ ಮೊದಲ ವಾರ ನಾನು ಕೆಲಸದ ಬಗ್ಗೆ ಎರಡೇ ವಿಷಯ ಹೇಳಿಕೊಡುತ್ತೇನೆ. ಒಂದು, ಮೈ ಕಾಪಾಡಿಕೊಳ್ಳುವುದು. ಚಕ್ (ಜಾಬ್ ಕಚ್ಚಿ ಹಿಡಿಯುವ ಭಾಗ) ಬಿಗಿ ಮಾಡಿದ ಮೇಲೆ ಚಕ್ ಕೀಯನ್ನು ಅದರಲ್ಲೇ ಬಿಡಬಾರದು, ಕೈ ಚಕ್ ಬಿಟ್ಟರೆ ಕೀ ಕೂಡ ಚಕ್ ಬಿಡಬೇಕು. ತೋಳು ಮಡಚಬೇಕು, ಶರ್ಟು ಒಳಗೆ ಸೇರಿಸಬೇಕು, ಬುರಾ ಬ್ರಶ್ಶಿನಿಂದ ತೆಗೆಯಬೇಕು, ಇಯರ್‌ಫೋನ್ ಲಾಕರಿನಲ್ಲಿ ಇರಬೇಕು. ಮಣಿಕಟ್ಟಿಗೆ ಕಟ್ಟಿದ ದೇವರ ದಾರದ ವಿಷಯ ಮಾತ್ರ ನಾಜೂಕು. "ಬಿಚ್ಚು" ಅಂದರೆ ಮನಸ್ಸಿಗೆ ನೋವಾಗುತ್ತದೆ, ಅಮ್ಮ ಸಿದ್ಧಾರೂಢ ಮಠಕ್ಕೆ ಹೋಗಿ ಬಂದು ಕಟ್ಟಿರುತ್ತಾಳೆ. "ತಮ್ಮಾ, ಅದನ್ನ ರಟ್ಟೆಗೆ ಕಟ್ಕೋ, ಅಂಗಿ ಒಳಗ ಭದ್ರ ಇರ್ತೈತಿ" ಅಂದರೆ ಸಾಕು, ಅಲ್ಲೇ ಬಿಚ್ಚಿ ಕಟ್ಟಿಸಿಕೊಳ್ಳುತ್ತಾರೆ. 18 ತುಂಬದವರನ್ನು ಮಷಿನ್ ಹತ್ತಿರ ನಿಲ್ಲಿಸುವುದೇ ಬೇಡ, ಊರಿನವರು ಎಷ್ಟೇ ಕೈಮುಗಿದು ಕೇಳಿದರೂ.

ಎರಡು, ಅಳೆಯುವುದು. ಇದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡಿ. ಯಾಕೆಂದರೆ ಅಳೆಯಲು ಬಂದವನು ತನ್ನ ಕೆಲಸ ಸರಿಯೋ ತಪ್ಪೋ ಅಂತ ಬೇರೆಯವರನ್ನು ಕೇಳಬೇಕಾಗಿಲ್ಲ.

ಐಟಿಐ ಮುಗಿಸಿದ ಹುಡುಗನ ಕೈಗೆ ಅಳೆಯುವ ವರ್ನಿಯರ್ ಕೊಟ್ಟು ನೋಡಿ. ಎಷ್ಟೋ ಜನ ಹಿಡಿಯುತ್ತಾರೆ, ಗೆರೆ ನೋಡುತ್ತಾರೆ, ಆಮೇಲೆ ನಮ್ಮ ಮುಖ ನೋಡುತ್ತಾರೆ. ನಾನು ಒಂದು ಸ್ಟೆಮ್ ಟೇಬಲ್ ಮೇಲಿಟ್ಟು ಪಕ್ಕದಲ್ಲೇ ಕೂರುತ್ತೇನೆ. ಮೊದಲು ಸ್ಟೆಮ್ ಮೇಲಿನ ಎಣ್ಣೆ, ಬುರಾ ಒರೆಸಿಸುತ್ತೇನೆ. ದವಡೆ ಮುಚ್ಚಿ ಸೊನ್ನೆಗೆ ಸೊನ್ನೆ ಕೂಡುತ್ತದಾ ನೋಡಿಸುತ್ತೇನೆ. ಆಮೇಲೆ ಜಾಬ್ ಹಿಡಿಸುತ್ತೇನೆ, ಒತ್ತದೆ, ಹಗೂರಕ್ಕೆ. ಕೆಳಗಿನ ಸೊನ್ನೆ ಮೇಲಿನ ಸ್ಕೇಲಿನಲ್ಲಿ ಯಾವ ಗೆರೆ ದಾಟಿದೆ? 24. ಈಗ ಕೆಳಗಿನ ಗೆರೆಗಳಲ್ಲಿ ಯಾವುದು ಮೇಲಿನ ಗೆರೆಗೆ ನೆಟ್ಟಗೆ ಕೂಡಿದೆ? 9 ದಾಟಿ ಮೂರನೇ ಗೆರೆ. 9 ಅಂದರೆ 0.90, ಅಲ್ಲಿಂದ ಒಂದೊಂದು ಗೆರೆಗೆ 0.02, ಮೂರಕ್ಕೆ 0.06. ಒಟ್ಟು 24.96 ಮಿಲಿಮೀಟರ್. ಡ್ರಾಯಿಂಗಿನಲ್ಲಿ 25ಕ್ಕಿಂತ 0.05 ಕಮ್ಮಿ ಇದ್ದರೂ ನಡೆಯುತ್ತದೆ, ಮೇಲೆ ಹೋಗಬಾರದು ಅಂತಿದೆ. ಹಾಗಾದರೆ ಇದು ಪಾಸಾ, ಫೇಲಾ? ಇದನ್ನು ನಾನು ಹೇಳುವುದಿಲ್ಲ, ಅವನೇ ಹೇಳಬೇಕು. ಮೊದಲ ಸಲ "ಪಾಸ್ರಿ ಸರ" ಅಂತ ಅವನ ಬಾಯಿಂದ ಬರುವಾಗ ಮುಖ ನೋಡಬೇಕು ನೀವು.

ಆಮೇಲೆ ಒಂದು ಡಬ್ಬಿ ಕೊಡುತ್ತೇನೆ. ಅದರಲ್ಲಿ ಇಪ್ಪತ್ತು ಪೀಸ್, ಕೆಲವು ಸರಿ, ಕೆಲವು ತಪ್ಪು. ಬೇರ್ಪಡಿಸಿ ಸೈಜ್ ಬರೆದಿಡು ಅಂತ. ಮೂರು ದಿನ ಇದೇ ಕೆಲಸ. ಪ್ರೊಡಕ್ಷನ್ ಇಲ್ಲದೆ ಮೂರು ದಿನದ ಸಂಬಳ ದಂಡ ಅಂತ ನಿಮಗೆ ಅನಿಸಬಹುದು. ಒಂದು ಲಾಟ್ ವಾಪಸ್ ಬಂದರೆ ಎಷ್ಟು ಹೋಗುತ್ತದೆ ಅಂತ ಲೆಕ್ಕ ಹಾಕಿ ನೋಡಿ, ಆ ಮೂರು ದಿನ ಅಗ್ಗ ಅನಿಸುತ್ತದೆ.

ಕಲಿಸುವ ಕ್ರಮ

ಇದು ನಾನು ಕಂಡುಹಿಡಿದದ್ದಲ್ಲ. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಕಾರ್ಖಾನೆಗಳಲ್ಲಿ ಎಷ್ಟೋ ಕಸುಬುದಾರರು ಸೈನ್ಯಕ್ಕೆ ಹೋದರು. ಮಷಿನ್ನೇ ನೋಡದ ಹೆಂಗಸರು, ಹಳ್ಳಿಯವರು ಅವರ ಜಾಗಕ್ಕೆ ಬಂದರು. ಅವರಿಗೆ ಬೇಗ ಕಲಿಸಬೇಕಿತ್ತು. ಸರ್ಕಾರ 1940ರಲ್ಲೇ ಶುರು ಮಾಡಿದ್ದ ಒಂದು ಕಾರ್ಯಕ್ರಮ ಮೇಸ್ತ್ರಿಗಳಿಗೆ ಕಲಿಸುವುದನ್ನು ಕಲಿಸಿತು, 1945ರವರೆಗೂ ನಡೆಯಿತು. ಯುದ್ಧ ಮುಗಿದ ಮೇಲೆ ಅದು ಜಪಾನಿಗೆ ಹೋಯಿತು, ಟೊಯೋಟಾದಂಥ ಕಂಪನಿಗಳು ಅದನ್ನು ಇಂದಿಗೂ ಬಿಟ್ಟಿಲ್ಲ. ಅದರಲ್ಲಿ ನಾಲ್ಕು ಹೆಜ್ಜೆ ಇವೆ. ಮೊದಲು ಹುಡುಗನ ಭಯ ಬಿಡಿಸಿ, ಅವನಿಗೆ ಈಗಾಗಲೇ ಎಷ್ಟು ಗೊತ್ತು ಅಂತ ಕೇಳಿ ತಿಳಿದುಕೊಳ್ಳಬೇಕು. ಆಮೇಲೆ ಕೆಲಸವನ್ನು ತುಂಡು ತುಂಡು ಮಾಡಿ, ಹೇಳುತ್ತಾ ತೋರಿಸಬೇಕು. ಮೂರನೆಯದು, ಅವನ ಕೈಲಿ ಮಾಡಿಸಬೇಕು, ಮಾಡುವಾಗ ಏನು ಮಾಡುತ್ತಿದ್ದೇನೆ, ಯಾಕೆ ಮಾಡುತ್ತಿದ್ದೇನೆ ಅಂತ ಅವನೇ ಹೇಳಬೇಕು. ಕೊನೆಗೆ ಒಬ್ಬನೇ ಮಾಡಲು ಬಿಟ್ಟು, ಅಡಚಣೆ ಆದರೆ ಯಾರನ್ನು ಕೇಳಬೇಕು ಅಂತ ಹೆಸರು ಹಿಡಿದು ಹೇಳಿ, ಆಗಾಗ ಹೋಗಿ ನೋಡುತ್ತಿರಬೇಕು. ಅಲ್ಲಿ ಒಂದು ಮಾತು ಹೇಳಿಕೊಡುತ್ತಿದ್ದರು: ಕೆಲಸಗಾರ ಕಲಿತಿಲ್ಲ ಅಂದರೆ ಕಲಿಸುವವನು ಕಲಿಸಿಲ್ಲ ಅಂತ ಅರ್ಥ.

ಮೂರನೇ ಹೆಜ್ಜೆ ಬಿಡಬೇಡಿ. "ತಿಳೀತೇನ?" ಅಂತ ಕೇಳಿದರೆ ನಮ್ಮ ಹುಡುಗರು ನೂರಕ್ಕೆ ನೂರು "ಹೂನ್ರಿ" ಅಂತಾರೆ. ದೊಡ್ಡವರ ಮುಂದೆ ತಿಳಿಯಲಿಲ್ಲ ಅನ್ನುವುದು ಅವರಿಗೆ ಮರ್ಯಾದೆ ಕಮ್ಮಿ. ಅದಕ್ಕೆ ಆ ಪ್ರಶ್ನೆಯನ್ನೇ ಕೇಳಬೇಡಿ. "ಈಗ ನನಗ ಹೇಳಿಕೊಡು, ನಾ ಹೊಸಬ ಅಂತ ತಿಳ್ಕೋ" ಅನ್ನಿ. ಎಲ್ಲಿ ತಡವರಿಸುತ್ತಾನೋ ಅಲ್ಲಿಂದ ಮತ್ತೆ ಹೇಳಿಕೊಡಿ.

ಕಲಿಸಲು ಯಾರನ್ನು ಹಾಕಬೇಕು ಅನ್ನುವುದೂ ಮುಖ್ಯ. ಚೆನ್ನಾಗಿ ಮಾಡುವವರೆಲ್ಲ ಚೆನ್ನಾಗಿ ಕಲಿಸುವುದಿಲ್ಲ. ನಮ್ಮಲ್ಲಿ ಹಿರಿಯ ಟರ್ನರ್ (ಲೇಥ್ ನಡೆಸುವವರು) ಒಬ್ಬರಿದ್ದಾರೆ, ಎಲ್ಲರೂ ಉಸ್ತಾದ್ ಅಂತಾರೆ. ಕೈ ಬಂಗಾರ, ಆದರೆ ಮೊದಮೊದಲು ಯಾರಿಗೂ ಗುಟ್ಟು ಬಿಟ್ಟುಕೊಡುತ್ತಿರಲಿಲ್ಲ. ಎಲ್ಲಾ ಕಲಿಸಿಬಿಟ್ಟರೆ ನನ್ನ ಬೆಲೆ ಏನು ಉಳಿಯುತ್ತದೆ ಅನ್ನುವ ಭಯ. ಆ ಭಯ ತಪ್ಪಲ್ಲ. ನಾನು ಅವರಿಗೆ ಕಲಿಸುವ ಕೆಲಸಕ್ಕೆ ಬೇರೆ ಭತ್ಯೆ ಕೊಟ್ಟೆ, ಹುಡುಗ ಒಬ್ಬನೇ ಮಷಿನ್ ನಡೆಸುವ ಹಂತಕ್ಕೆ ಬಂದರೆ ಇನ್ನಷ್ಟು. ಈಗ ಅವರೇ ಹುಡುಗರನ್ನು ಕರೆದು ನಿಲ್ಲಿಸಿಕೊಳ್ಳುತ್ತಾರೆ.

ಆರು ಸ್ಟೆಮ್‌ಗಳ ಕಥೆ

ಒಮ್ಮೆ 120 ಸ್ಟೆಮ್‌ಗಳ ಒಂದು ಲಾಟ್ ಪೂರ್ತಿ ವಾಪಸ್ ಬಂತು. ಟ್ರೇಯ ತಳದಲ್ಲಿ ಆರು ಪೀಸ್ 24.91 ಇದ್ದವು, ಅಂದರೆ ಫೇಲ್. ಆರಕ್ಕೆ ಆರೂ ಒಂದೇ ಕಡೆ, ತಳದಲ್ಲಿ, ಮೇಲೆ ಒಳ್ಳೆಯ ಪೀಸ್ ಜೋಡಿಸಿ. ಅಂದರೆ ಬೇಕಂತಲೇ ಇಟ್ಟದ್ದು. ಯಾರ ಶಿಫ್ಟ್ ಅಂತ ನೋಡಿದರೆ ಬಂದು ಮೂರು ತಿಂಗಳಾದ ಹುಡುಗ. ಒಳ್ಳೆಯ ಹುಡುಗ, ದಿನಾ ಅಣ್ಣಿಗೇರಿಯಿಂದ ಬರುವವನು, ಒಂದು ದಿನ ತಡ ಮಾಡಿದವನಲ್ಲ.

ಒಳಗೆ ಕರೆದು ಕೂರಿಸಿ ಕೇಳಿದೆ. ಬಹಳ ಹೊತ್ತು ತಲೆ ಎತ್ತಲಿಲ್ಲ. ಆಮೇಲೆ ಹೇಳಿದ, "ಹ್ವಾದ ವಾರ ಒಂದ ಪೀಸ್ ಕೆಟ್ಟಿದ್ದಕ್ಕ ಅವಂಗ ಎಲ್ಲಾರ ಮುಂದ ಬೈದ್ರಲ್ರೀ ಸರ. ನಂದು ಆರ ಕೆಟ್ಟಿದ್ವು."

ನನಗೆ ಮಾತೇ ಹೊರಡಲಿಲ್ಲ. ಹಿಂದಿನ ವಾರ ಬೈದದ್ದು ನಿಜ. ಅದನ್ನು ಬೈಸಿಕೊಂಡವನಿಗಿಂತ ಜಾಸ್ತಿ ಕೇಳಿಸಿಕೊಂಡದ್ದು ಈ ಹುಡುಗ. ಅಡಗಿಸಿಡುವುದನ್ನು ಅವನಿಗೆ ನಾನೇ ಕಲಿಸಿದ್ದೆ.

ಅವತ್ತಿನಿಂದ ಎಲ್ಲಾ ಮಷಿನ್ ಪಕ್ಕ ಒಂದು ಕೆಂಪು ಟ್ರೇ ಇಟ್ಟೆವು. ಕೆಟ್ಟ ಪೀಸ್ ಅದರಲ್ಲಿ ಹಾಕುವುದು, ಸೈಜ್ ಎಷ್ಟು ಬಂತು ಅಂತ ಮಾರ್ಕರಿನಲ್ಲಿ ಬರೆಯುವುದು. ಹೆಸರು ಬೇಡ. ಸಂಬಳದಲ್ಲಿ ಒಂದು ರೂಪಾಯಿ ಕಡಿತ ಇಲ್ಲ. ಸಂಜೆ ಚಹಾದ ಹೊತ್ತಿಗೆ ಎಲ್ಲರೂ ನಿಂತು ಹತ್ತು ನಿಮಿಷ ಟ್ರೇ ನೋಡುವುದು. ಅಲ್ಲಿ "ಯಾರು" ಅಂತ ಕೇಳುವ ಹಾಗಿಲ್ಲ, "ಹೆಂಗಾತು" ಅಂತ ಮಾತ್ರ ಕೇಳಬೇಕು. ಈ ನಿಯಮ ನನಗೂ ಸೇರಿ.

ಮೊದಲ ತಿಂಗಳು ಟ್ರೇ ತುಂಬಿ ಚೆಲ್ಲುತ್ತಿತ್ತು. ಮನೆಯಲ್ಲಿ ಹೆಂಡತಿಗೆ ಹೇಳಿಕೊಂಡೆ, ಎಲ್ಲಾ ಮುಳುಗಿತು ಅಂತ. ಆದರೆ ಅವು ಹೊಸದಾಗಿ ಕೆಟ್ಟ ಪೀಸ್ ಅಲ್ಲ, ಮೊದಲು ಎಲ್ಲೋ ಮಾಯವಾಗುತ್ತಿದ್ದವು ಈಗ ಕಣ್ಣಿಗೆ ಬೀಳುತ್ತಿದ್ದವು, ಅಷ್ಟೇ. ಟ್ರೇ ನೋಡುತ್ತಾ ನೋಡುತ್ತಾ ಒಂದು ಮಷಿನ್ನಿನಲ್ಲಿ ನಲವತ್ತು ಪೀಸ್ ಆದ ಮೇಲೆ ಇನ್ಸರ್ಟಿನ (ಲೋಹ ಕಡೆಯುವ ಟೂಲಿನ ತುದಿಯ) ಮೂಲೆ ಸವೆದು ಸೈಜ್ ಸರಿಯುತ್ತದೆ, ಅದನ್ನು ಸರಿಮಾಡಲು ಹೋಗಿ ಹುಡುಗರು ಆಫ್‌ಸೆಟ್ (ಮಷಿನ್ನಿಗೆ ಕೊಡುವ ಸೈಜ್ ತಿದ್ದುಪಡಿ) ಜಾಸ್ತಿ ಕೊಟ್ಟುಬಿಡುತ್ತಾರೆ ಅಂತ ಗೊತ್ತಾಯಿತು. ಈಗ ಮೂವತ್ತೈದಕ್ಕೇ ಮೂಲೆ ತಿರುಗಿಸುತ್ತೇವೆ. ಕಂಡುಹಿಡಿದವನು ಅದೇ ಅಣ್ಣಿಗೇರಿ ಹುಡುಗ.

ಹಾಗಂತ ಯಾವುದಕ್ಕೂ ಶಿಸ್ತೇ ಇಲ್ಲ ಅಂತಲ್ಲ. ತಪ್ಪಾಗುವುದು ಬೇರೆ, ಗೊತ್ತಿದ್ದೂ ಮುಚ್ಚಿಡುವುದು ಬೇರೆ. ಒಬ್ಬರ ಹಾಜರಿ ಇನ್ನೊಬ್ಬರು ಹಾಕುವುದು, ಗನ್‌ಮೆಟಲ್ ಬುರಾ ಹೊರಗೆ ಮಾರುವುದು, ಇವಕ್ಕೆ ನಮ್ಮಲ್ಲಿ ಖಡಕ್ ನಿಯಮ ಇದೆ. ಆದರೆ ಕರೆದು ಮಾತಾಡುವುದು ಒಳಗೆ, ಬಾಗಿಲು ಹಾಕಿಕೊಂಡು. ಹೊಗಳುವುದು ಮಾತ್ರ ಎಲ್ಲರ ಮುಂದೆ.

ನೀತಿಪಾಠ ಯಾರಿಂದ ಶುರುವಾಗಬೇಕು

ಗೋಡೆ ಮೇಲೆ ಪ್ರಾಮಾಣಿಕತೆಯ ಬೋರ್ಡು ಹಾಕಿದರೆ ಏನೂ ಆಗುವುದಿಲ್ಲ. ನಾನು 22ರ ವಯಸ್ಸಿನಲ್ಲಿ ಒಂದು ವಾಲ್ವ್ ಕಾರ್ಖಾನೆಯ ಟೆಸ್ಟಿಂಗ್‌ನಲ್ಲಿದ್ದೆ. ನಾಲ್ಕು ಇಂಚಿನ ವಾಲ್ವ್ ಅಂದರೆ ಅದರ ರೇಟಿಂಗಿನ (ಅದಕ್ಕೆ ಗೊತ್ತುಮಾಡಿದ ಒತ್ತಡದ) ಒಂದೂವರೆ ಪಟ್ಟು ಒತ್ತಡಕ್ಕೆ ನೀರು ತುಂಬಿ, ಕನಿಷ್ಠ 60 ಸೆಕೆಂಡ್ ಹಿಡಿದು, ಬಾಡಿ ಎಲ್ಲೂ ಜಿನುಗುವುದಿಲ್ಲ ಅಂತ ನೋಡಬೇಕು. ಅದು ಟೆಸ್ಟ್. ಒಂದು ಸಂಜೆ ಲಾರಿ ಬಂದು ನಿಂತಿತ್ತು, ಒಂಬತ್ತು ವಾಲ್ವ್ ಬಾಕಿ ಇದ್ದವು. ಸೂಪರ್‌ವೈಸರ್ "ಬರ್ದ ಹಾಕ್ಲೇ, ಏನಾಗಂಗಿಲ್ಲ" ಅಂದರು. ಟೆಸ್ಟ್ ಮಾಡದೇ ಪಾಸ್ ಅಂತ ಬರೆದು ಹಾಕಿದೆ. ಏನೂ ಆಗಲಿಲ್ಲವೋ ಏನೋ, ಆದರೆ ಆ ಒಂಬತ್ತು ವಾಲ್ವ್ ಎಲ್ಲಿ ಹೋದವು, ಯಾವ ಬಾಯ್ಲರ್ ಪಕ್ಕ ಯಾರು ನಿಂತಿರುತ್ತಾರೆ ಅಂತ ಎಷ್ಟೋ ರಾತ್ರಿ ಯೋಚಿಸಿದ್ದೇನೆ. ಅಲ್ಲಿ ನನಗೆ ವರ್ಷಗಟ್ಟಲೆ ಹೇಳಿಕೊಟ್ಟ ಗುಣಮಟ್ಟದ ಪಾಠ ಎಲ್ಲಾ ಆ ಒಂದು ಸಂಜೆಗೆ ಸುಳ್ಳಾಯಿತು.

ಆದ್ದರಿಂದ ನೀವು ಮಾಲೀಕರಾಗಿದ್ದರೆ, ಸೂಪರ್‌ವೈಸರ್ ಆಗಿದ್ದರೆ, ದಯವಿಟ್ಟು ಇದೊಂದು ಮಾಡಿ. ಅಳೆಯದೆ ಇನ್‌ಸ್ಪೆಕ್ಷನ್ ರಿಪೋರ್ಟ್ ತುಂಬಿಸಬೇಡಿ. ಲಾರಿ ಕಾಯಲಿ, ಗಿರಾಕಿಗೆ ಫೋನ್ ಮಾಡಿ ನಾಳೆ ಕಳಿಸುತ್ತೇನೆ ಅನ್ನಿ. ಆ ಫೋನನ್ನು ಹುಡುಗರ ಮುಂದೆಯೇ ಮಾಡಿ. ಅವರು ಕೇಳಿಸಿಕೊಳ್ಳಲಿ.

ಉಳಿದ ನೀತಿ ಮಾತಿಗೆ ನಾನು ವಾರಕ್ಕೊಮ್ಮೆ, ಶನಿವಾರ ಸಂಜೆ ಗಿರ್ಮಿಟ್ಟು ಮಿರ್ಚಿ ತರಿಸಿ, ಒಂದು ಪ್ರಸಂಗ ಇಡುತ್ತೇನೆ. ಗೆಳೆಯ ಇನ್ನೊಂದು ವರ್ಕ್‌ಶಾಪಿನಲ್ಲಿದ್ದಾನೆ, ನಮ್ಮ ಡ್ರಾಯಿಂಗ್ ಫೋಟೊ ವಾಟ್ಸಾಪ್ ಮಾಡು ಅಂತಾನೆ, ಏನು ಮಾಡ್ತಿ? ಬುರಾ ತೂಕ ಮಾಡುವವನು ಹತ್ತು ಕೆಜಿ ಕಮ್ಮಿ ಬರೆದು ನಿನ್ನ ಜೇಬಿಗೆ ಐನೂರು ಇಡ್ತಾನೆ, ಏನು ಮಾಡ್ತಿ? ದೀಪಾವಳಿಗೆ ಟೂಲ್ ಸಪ್ಲೈಯರ್ ಬಾಕ್ಸ್ ಕೊಡ್ತಾನೆ, ತಗೋಬಹುದಾ? (ನಮ್ಮಲ್ಲಿ ಸಿಹಿ ಬಾಕ್ಸ್ ಬಂದರೆ ಟೇಬಲ್ ಮೇಲೆ ಬಿಚ್ಚಿ ಎಲ್ಲರಿಗೂ ಹಂಚುವುದು, ದುಡ್ಡು ವಾಪಸ್.) ಉತ್ತರ ನಾನು ಮೊದಲು ಹೇಳುವುದಿಲ್ಲ. ಅವರು ಜಗಳಾಡುತ್ತಾರೆ. ಆ ಜಗಳದಲ್ಲೇ ಕಲಿಯುತ್ತಾರೆ.

ಮನಸ್ಸಿಟ್ಟು ಮಾಡಬೇಕಾದರೆ

ಮೋಟಿವೇಶನ್ ಅಂತ ಯಾರನ್ನೋ ಕರೆಸಿ ಭಾಷಣ ಮಾಡಿಸುವ ಮೊದಲು ನಿಮ್ಮ ಸಂಬಳದ ತಾರೀಖು ನೋಡಿಕೊಳ್ಳಿ. ಮುಂದಿನ ತಿಂಗಳ 7ರೊಳಗೆ ಸಂಬಳ ಆಗಬೇಕು ಅಂತ ಕಾನೂನೇ ಇದೆ. ಓವರ್‌ಟೈಮ್‌ಗೆ ಎರಡು ಪಟ್ಟು ಕೊಡಬೇಕು. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಇದ್ದರೆ, 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಮಾಡಿಸಬೇಕು. ಹುಡುಗನ ಸಂಬಳದಲ್ಲಿ ಹಿಡಿಯುವುದು ಶೇ 0.75, ನೀವು ಹಾಕುವುದು ಶೇ 3.25. ಇದನ್ನು ಅವನಿಗೆ ಕೂರಿಸಿ ವಿವರಿಸಿ. ಎಷ್ಟೋ ಜನ ಆ ಕಡಿತ ಮಾಲೀಕ ನುಂಗುತ್ತಾನೆ ಅಂದುಕೊಂಡಿರುತ್ತಾರೆ, ಮನೆಯವರಿಗೂ ಆ ಕಾರ್ಡಿನಲ್ಲಿ ಚಿಕಿತ್ಸೆ ಸಿಗುತ್ತದೆ ಅಂತ ಗೊತ್ತೇ ಇರುವುದಿಲ್ಲ. 2025ರ ನವೆಂಬರ್ 21ರಿಂದ ಜಾರಿಯಾದ ಹೊಸ ಕಾರ್ಮಿಕ ಸಂಹಿತೆಗಳ ಪ್ರಕಾರ ಎಲ್ಲರಿಗೂ ನೇಮಕಾತಿ ಪತ್ರ ಕೊಡಬೇಕು. ಒಂದು ಹಾಳೆ ಸಾಕು. ಆ ಹಾಳೆ ಹಿಡಿದುಕೊಂಡು ಹುಡುಗ ಊರಿಗೆ ಹೋಗಿ ಅಪ್ಪನಿಗೆ ತೋರಿಸುತ್ತಾನೆ.

ಹೆಣ್ಣುಮಕ್ಕಳು ಕೆಲಸಕ್ಕಿದ್ದರೆ ಇನ್ನೊಂದು ಮಾತು. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಡೆ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಪ್ರಕಾರ ಆಂತರಿಕ ಸಮಿತಿ ಇರಲೇಬೇಕು, ಅದಕ್ಕೆ ಹಿರಿಯ ಹೆಣ್ಣುಮಗಳೇ ಅಧ್ಯಕ್ಷೆ. ಹತ್ತಕ್ಕಿಂತ ಕಮ್ಮಿ ಇದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ನಮ್ಮಲ್ಲಿ ಪ್ಯಾಕಿಂಗ್‌ನಲ್ಲಿ ಇಬ್ಬರು, ಆಫೀಸಿನಲ್ಲಿ ಒಬ್ಬರು ಇದ್ದಾರೆ. ಅವರ ಜೊತೆ ಹೇಗೆ ಮಾತಾಡಬೇಕು ಅನ್ನುವುದು ಹೊಸ ಹುಡುಗನ ಮೊದಲ ದಿನದ ಪಾಠದಲ್ಲೇ ಬರುತ್ತದೆ.

ದುಡ್ಡಿನ ನಂತರ ಬರುವುದು ಬೆಳವಣಿಗೆ. ನಾವು ಗೋಡೆಗೆ ಒಂದು ಫಲಕ ಹಾಕಿದ್ದೇವೆ. ಎಡಗಡೆ ಹೆಸರು, ಮೇಲೆ ಮಷಿನ್. ಪ್ರತಿ ಚೌಕದಲ್ಲೂ ಒಂದು ಬಿಲ್ಲೆಯ ಚಿತ್ರ, ನಾಲ್ಕು ಭಾಗ. ಕೆಲಸ ನೋಡಿ ತಿಳಿದುಕೊಂಡರೆ ಕಾಲುಭಾಗಕ್ಕೆ ಬಣ್ಣ, ಇನ್ನೊಬ್ಬರ ಜೊತೆ ಮಾಡಿದರೆ ಅರ್ಧ, ಒಬ್ಬನೇ ಮಾಡಿದರೆ ಮುಕ್ಕಾಲು, ಬೇರೆಯವರಿಗೆ ಕಲಿಸುವಷ್ಟಾದರೆ ಪೂರ್ತಿ. ಮುಕ್ಕಾಲು ಆದಾಗ ಸಂಬಳ ಏರುತ್ತದೆ, ಪೂರ್ತಿ ಆದಾಗ ಮತ್ತೆ ಏರುತ್ತದೆ, ಎಷ್ಟು ಅಂತ ಫಲಕದ ಕೆಳಗೇ ಬರೆದಿದೆ. ಹೀಗಾಗಿ "ಅವಂಗ್ಯಾಕ ಜಾಸ್ತಿ" ಅನ್ನುವ ಪ್ರಶ್ನೆ ಬರುವುದಿಲ್ಲ. ತಿಂಗಳ ಶ್ರೇಷ್ಠ ಕೆಲಸಗಾರ ಅಂತ ಒಬ್ಬನ ಫೋಟೊ ಹಾಕುವುದನ್ನು ನಾನು ಬಿಟ್ಟೇಬಿಟ್ಟೆ. ಒಬ್ಬ ಖುಷಿ, ಹದಿಮೂರು ಜನ ಸಿಟ್ಟು. ಪೀಸಿಗೆ ಇಷ್ಟು ಅಂತ ಬೋನಸ್ ಕೊಡುವುದೂ ನನಗೆ ಸರಿ ಕಾಣುವುದಿಲ್ಲ, ಕೆಟ್ಟ ಪೀಸ್ ಮತ್ತೆ ಟ್ರೇಯ ತಳ ಸೇರುತ್ತದೆ.

ಮಾಡಿದ ಜಾಬ್ ಎಲ್ಲಿಗೆ ಹೋಗುತ್ತದೆ ಅಂತ ತೋರಿಸಿ. ನಾವು ವರ್ಷಕ್ಕೊಮ್ಮೆ ಗಿರಾಕಿಯ ಕಾರ್ಖಾನೆಗೆ ಎಲ್ಲರನ್ನೂ ಕರೆದುಕೊಂಡು ಹೋಗುತ್ತೇವೆ. ತಾನು ತಿರುಗಿಸಿದ ಸ್ಟೆಮ್ ಆಳೆತ್ತರದ ವಾಲ್ವಿನೊಳಗೆ ಕೂತದ್ದು ನೋಡಿ ಒಬ್ಬ ಮುಟ್ಟಿ ಮುಟ್ಟಿ ನೋಡಿದ. ನಮ್ಮೂರಲ್ಲೇ ಬೆಂಗೇರಿಯಲ್ಲಿ 1957ರಲ್ಲಿ ಶುರುವಾದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಇದೆ, ರಾಷ್ಟ್ರಧ್ವಜ ತಯಾರಾಗುವ ಜಾಗ. ಅಲ್ಲಿ ಕೆಲಸ ಮಾಡುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಚಕ್ರ ಬಟ್ಟೆಯ ಎರಡೂ ಬದಿಗೆ ಒಂದರ ಬೆನ್ನಿಗೆ ಒಂದು ಸರಿಯಾಗಿ ಕೂರಬೇಕು, ಅಳತೆ, ಬಣ್ಣ, ಹೊಲಿಗೆ ಎಲ್ಲಾ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಮಾನದಂಡದಂತೆ ಇರಬೇಕು. ಹೊಸ ಹುಡುಗರಿಗೆ ನಾನು ಈ ಉದಾಹರಣೆ ಯಾವಾಗಲೂ ಹೇಳುತ್ತೇನೆ, ಯಾಕೆಂದರೆ ಅದು ದೂರದ ಊರಿನ ಕಥೆಯಲ್ಲ, ಅವರ ಅಕ್ಕ, ಅತ್ತಿಗೆಯಂಥವರು ಮಾಡುವ ಕೆಲಸ.

ರಜೆಯ ವಿಷಯದಲ್ಲಿ ಹಟ ಬೇಡ. ಹುಡುಗರ ಮನೆಯಲ್ಲಿ ಹೊಲ ಇದೆ. ಮುಂಗಾರು ಬಿತ್ತನೆಗೆ, ಹೆಸರುಕಾಳು ಬಿಡಿಸುವಾಗ ಅವರು ಹೋಗಿಯೇ ಹೋಗುತ್ತಾರೆ. ಪಂಚಮಿಗೂ ಹೋಗುತ್ತಾರೆ. ರಜೆ ಕೊಡದಿದ್ದರೆ "ಅಜ್ಜಿ ತೀರ್ಕೊಂಡ್ರು" ಅಂತ ಫೋನ್ ಬರುತ್ತದೆ, ಆ ಸುಳ್ಳನ್ನು ಹೇಳಿಸಿದ್ದು ನಾವೇ. ಮೇ ತಿಂಗಳಲ್ಲೇ ಕ್ಯಾಲೆಂಡರ್ ಮುಂದಿಟ್ಟು ಯಾರಿಗೆ ಯಾವಾಗ ಬೇಕು ಅಂತ ಬರೆಸಿಬಿಡಿ. ಹೊಲ ಇಲ್ಲದವರು ಆ ದಿನಗಳಲ್ಲಿ ತುಂಬಿಕೊಡುತ್ತಾರೆ, ಅವರಿಗೆ ಬೇಕಾದಾಗ ಇವರು.

ಬಿಟ್ಟು ಹೋಗುವಾಗ

ಕಲಿತವನು ಬೆಂಗಳೂರಿಗೋ ಪುಣೆಗೋ ಹೋಗುತ್ತಾನೆ. ಹೋಗಲಿ. ಮೂತಿ ಉಬ್ಬಿಸಬೇಡಿ, ಸಂಬಳ ತಡೆಹಿಡಿಯಬೇಡಿ. ಬಿಟ್ಟ ಎರಡು ಕೆಲಸದ ದಿನದೊಳಗೆ ಬಾಕಿ ಚುಕ್ತಾ ಮಾಡಬೇಕು ಅಂತ ಈಗಿನ ಕಾನೂನು. ಅನುಭವ ಪತ್ರದಲ್ಲಿ ಸುಮ್ನೆ "ನಡತೆ ಉತ್ತಮ" ಅಂತ ಬರೆಯದೆ ಯಾವ ಮಷಿನ್, ಯಾವ ಜಾಬ್, ಎಷ್ಟು ಸೂಕ್ಷ್ಮದ ಅಳತೆ ಮಾಡಬಲ್ಲ ಅಂತ ಬರೆದುಕೊಡಿ. ಅದು ಅವನಿಗೆ ಅಲ್ಲಿ ಉಪಯೋಗಕ್ಕೆ ಬರುತ್ತದೆ.

ಕೊನೆಯ ದಿನ ಅರ್ಧ ಗಂಟೆ ಕೂರಿಸಿ ಮಾತಾಡಿ. ಇನ್ನು ನಿಮ್ಮ ಭಯ ಅವನಿಗಿಲ್ಲ, ಇದ್ದದ್ದು ಇದ್ದ ಹಾಗೆ ಹೇಳುತ್ತಾನೆ. ಹೋದ ವರ್ಷ ಪುಣೆಗೆ ಹೊರಟ ಒಬ್ಬನಿಗೆ, ಇಲ್ಲಿ ಏನು ಬದಲಾಗಬೇಕು ಅಂತ ಕೇಳಿದೆ. ಸಂಬಳ ಅಂತಾನೆ ಅಂದುಕೊಂಡಿದ್ದೆ. ಅವನು, "ಸರ, ನೈಟ್ ಶಿಫ್ಟಿನ್ಯಾಗ ಪಾಯಖಾನಿ ಕಡೆ ಲೈಟ್ ಇಲ್ರಿ, ನಾಕ ತಿಂಗಳಾತು. ಮೊಬೈಲ್ ಲೈಟ್ ಹಚ್ಕೊಂಡ ಹೋಗ್ತೀವ್ರಿ" ಅಂದ. ನಾನು ಆ ಹೊತ್ತಿಗೆ ಅಲ್ಲಿ ಇರುವುದೇ ಇಲ್ಲ, ನೋಡಿರಲಿಲ್ಲ. ಅವತ್ತೇ ಸಂಜೆ ಎಲೆಕ್ಟ್ರಿಷಿಯನ್ ಕರೆಸಿದೆ.